ಕಮಿಷನ್ ಮುಟ್ಟದ ಇಬ್ಬರು ದಲ್ಲಾಳಿಗಳು

ಮೀನಿನ ತೊಟ್ಟಿಗೆ ಹಾಕುವ ನೀಲಿ ದೀಪಕ್ಕೆ ಎಂಟುನೂರು ಕೊಟ್ಟೆ. ಭಟ್ಕಳದ ಅಂಗಡಿಯವ ಹೇಳಿದ್ದು ಸಾವಿರದ ಇನ್ನೂರು. (ಇಳಿಸದೆ ಕೊಂಡರೆ ನನಗೆ ಊಟ ರುಚಿಸುವುದಿಲ್ಲ, ನಿಮಗೆ ಗೊತ್ತೇ ಇದೆ.) ಮನೆಯಲ್ಲಿ ತೊಟ್ಟಿಯೇ ಇಲ್ಲದವನಿಗೆ ದೀಪ ಯಾಕೆ?

ಅಕ್ಕನ ಮಗಳು ನಾಗವೇಣಿಗಾಗಿ. ಕುಮಟಾದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ, ಜೊತೆಗೆ ಪಿಎಚ್‌ಡಿ. ಲ್ಯಾಬಿನ ನೀಲಿ ದೀಪ ಸುಟ್ಟುಹೋಗಿತ್ತು. ಸೋಮವಾರ ಗೈಡ್ ಬರುವವರಿದ್ದರು. ವರ್ಷವಿಡೀ ಕೂತು ತಯಾರಿಸಿದ ಸರಕಿನಲ್ಲಿ ಉಳಿದದ್ದು ಒಂದೇ ಸೀಸೆ. ಅದೂ ಕೈಕೊಟ್ಟರೆ ವರ್ಷವೇ ನೀರುಪಾಲು.

ನೀಲಿ ದೀಪ ತಂದುಕೊಡು ಎಂದಿದ್ದಳು. ಬಣ್ಣದಲ್ಲೇನಿದೆ? ಹೊನ್ನಾವರದಲ್ಲಿ ನೂರು ವ್ಯಾಟಿನ ಹಳದಿ ಫ್ಲಡ್‌ಲೈಟು ಅರ್ಧ ಬೆಲೆಗೆ ಸಿಕ್ಕಿತು, ಹೊತ್ತು ತಂದೆ.

"ಎಂತ ಮಾವ, ಇದು ಬೋಟಿಗೆ ಕಟ್ಟೂಕಾ? ಹಳದಿ ಸಾವಿರ ವ್ಯಾಟ್ ಇದ್ರೂ ನನ್ನ ಸೀಸೆಗೆ ತಟ್ಟೂದಿಲ್ಲ!"

ಹಾಗಾಗಿ ಭಟ್ಕಳ. "ಮೀನು ಯಾವ್ದು?" ಎಂದ ಅಂಗಡಿಯವ. "ಮೀನಲ್ಲ ಭಾಯ್, ಇಂಗಾಲ" ಎಂದೆ. ಹೆದರಿಯೇ ಬೆಲೆ ಇಳಿಸಿರಬೇಕು.

ಲ್ಯಾಬಿನಲ್ಲಿ ವೇಣಿ ಬಿಡಿಸಿ ಹೇಳಿದಳು. ಎರಡು ಅಣುಗಳಿವೆ. ಒಂದರ ಇಂಗಾಲವನ್ನು ಇನ್ನೊಂದರ ಇಂಗಾಲಕ್ಕೆ ಬೆಸೆಯಬೇಕು. ಔಷಧ ಮಾಡುವವರಿಗೆ ಬೇಕಾದ ಬೆಸುಗೆ. ಆದರೆ ತಾವಾಗಿ ಅವು ಒಪ್ಪುವುದಿಲ್ಲ. ಸೀಸೆಗೆ ಒಂದು ಚಿಟಿಕೆ ಬಣ್ಣದ ಪುಡಿ ಹಾಕಿದಳು, ಒಂದು ಚಿಟಿಕೆ ನಿಕ್ಕಲ್ ಲವಣ ಹಾಕಿದಳು. ಬಣ್ಣದ ಪುಡಿ ನೀಲಿ ಬೆಳಕು ಕುಡಿದು ಒಂದು ಅಣುವನ್ನು ಕೆಣಕಿ ಎಬ್ಬಿಸುತ್ತದೆ. ನಿಕ್ಕಲ್ ಎರಡೂ ಕಡೆಯವರ ಕೈ ಹಿಡಿದು ಕೂಡಿಸಿ, ಪಕ್ಕಕ್ಕೆ ಸರಿಯುತ್ತದೆ.

"ಇವಕ್ಕೆ ಕಮಿಷನ್ ಎಷ್ಟು?"

"ಎಂತದೂ ಇಲ್ಲ ಮಾವ. ಹೆಂಗಿದ್ವೋ ಹಂಗೇ ಉಳೀತವೆ. ಮತ್ತೊಂದು ಜೋಡಿ ಹಿಡೀತವೆ. ನಿನ್ನಂಗಲ್ಲ."

ಹಳೆ ಬೋಟಿನ ಇಂಜಿನ್ ಮಾರಿಸಿಯೇ ಮನೆ ಕಟ್ಟಿದ ದಲ್ಲಾಳಿ ನಾನು. ವೇಣಿ ಸೀಸೆಯ ಮುಂದೆ ನೀಲಿ ದೀಪ ಹಚ್ಚಿದಳು. ಬೆಂಕಿಯಿಲ್ಲ, ಕುದಿಯಿಲ್ಲ. ಬಿಸಿಯೇರದಂತೆ ಪಕ್ಕದಲ್ಲೊಂದು ಟೇಬಲ್ ಫ್ಯಾನ್. ಕರೆಂಟ್ ಹೋದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದಂತೆ, ಬಂದರೆ ಮತ್ತೆ ಶುರುವಂತೆ! ನಮ್ಮ ವ್ಯವಹಾರಗಳಲ್ಲಿ ಎಷ್ಟು ಬೆಳಕಿನಲ್ಲಿ ನಡೆಯುತ್ತವೆ ಹೇಳಿ?

ಮರುದಿನ ಬೆಳಿಗ್ಗೆ ಸೀಸೆಯ ಒಂದು ತೊಟ್ಟು ಹಾಕಿ ಪರೀಕ್ಷಿಸಿದ ಬೆರಳಗಲದ ಬಿಳಿ ಪಟ್ಟಿಯ ಮೇಲೆ ಒಂದು ಹೊಸ ಚುಕ್ಕೆ; ಬೆಸುಗೆಯಾದದ್ದಕ್ಕೆ ಅದೇ ಗುರುತಂತೆ.

"ಆತು ಮಾವ! ಆತು!" ವೇಣಿಯ ಕಣ್ಣಲ್ಲಿ ನೀರು.

ನಾನು ಆ ಚುಕ್ಕೆಯನ್ನೇ ನೋಡುತ್ತ ನಿಂತೆ. ಅದರೊಳಗಿನ ವಸ್ತು ನಿನ್ನೆ ಸಂಜೆ ಕುಮಟಾದಲ್ಲೇ ಇರಲಿಲ್ಲ.

ನಿಮಗೊಂದು ಬುದ್ಧಿಮಾತು. (ಹಳದಿ ಫ್ಲಡ್‌ಲೈಟು ಮಾರಾಟಕ್ಕಿದೆ, ಅದು ಬೇರೆ ವಿಷಯ.) ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಕೇಳಿದವರು ಹೇಳಿದ ಬಣ್ಣದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.