ಬ್ರೇಕಿನ ದಪ್ಪ ಅಳೆದ ಭಾನುವಾರ

ಮಿಯಾಪುರದಲ್ಲಿ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲದಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದಕ್ಕೇ ಕಂಪನಿ ಸಂಬಳ ಕೊಡುತ್ತಿತ್ತು. ಆ ಚಟವನ್ನು ಮನೆಗೂ ತರುತ್ತಿದ್ದೆ.

ಹೆಂಡತಿ ದಿನಾ ಮಗಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತಿದ್ದಳು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಳು. "ಮೆಲ್ಲಗೆ ಒತ್ತೋದು ಕಲಿ" ಎಂದು ನಾನೂ ಮೂರು ತಿಂಗಳಿಂದ ಹೇಳುತ್ತಿದ್ದೆ. ಕೊನೆಗೆ ಅವಳ ಬಾಯಿ ಮುಚ್ಚಿಸಲೆಂದೇ ಕೋಠಿ ಬಜಾರಿನಲ್ಲಿ ಅಲೆದು ಬ್ರೇಕ್ ಡಿಸ್ಕಿನ ದಪ್ಪ ಅಳೆಯುವ ವರ್ನಿಯರ್ ತಂದೆ. ಇಂಟರ್‌ನೆಟ್ಟಿನಿಂದ ಬ್ರೇಕ್ ಪರೀಕ್ಷಿಸುವ ವಿಧಾನದ ಹನ್ನೊಂದು ಪುಟ ಪ್ರಿಂಟ್ ತೆಗೆದು, ಭಾನುವಾರ ಬೆಳಿಗ್ಗೆ ಪಾರ್ಕಿಂಗಿಗೆ ಇಳಿದೆ.

ಮಲ್ಕಾಜ್‌ಗಿರಿಯಿಂದ ಬಂದಿದ್ದ ಮಾವ, ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು ನೇರ ಜಾಕ್ ಏರಿಸಲು ಹೊರಟೆ.

"ಮೊದಲ ಹ್ಯಾಂಡ್‌ಬ್ರೇಕ್ ಹಾಕ್ರಿ. ಹಿಂದಿನ ಗಾಲಿಗೆ ಇಟ್ಟಂಗಿ ಕೊಡ್ರಿ. ಬಿಚ್ಚಿದ ಗಾಲಿ ಗಾಡಿ ಕೆಳಗ ಮಲಗಸ್ರಿ, ಜಾಕ್ ಜಾರಿದ್ರ ಗಾಡಿ ನಿಮ್ಮ ಮ್ಯಾಲೆ ಬೀಳಬಾರದಲ್ಲ," ಎಂದರು. ನಾಲ್ಕನೇ ಪುಟದಲ್ಲಿ ಅದೇ ಇತ್ತು. ನಾನು ಓದಿದ್ದು ಐದರಿಂದ.

ಮುಂದಿನ ಗಾಲಿ ಬಿಚ್ಚಿದಾಗ, ಬ್ರೇಕ್ ಒತ್ತಿದರೆ ಪ್ಯಾಡ್‌ಗಳು ಎರಡೂ ಕಡೆಯಿಂದ ಹಿಡಿಯುವ ಡಿಸ್ಕ್ ಕಂಡಿತು. ಅದರ ಮೇಲೆ ಕನಿಷ್ಠ ದಪ್ಪ ಇಪ್ಪತ್ತು ಮಿಲಿಮೀಟರ್ ಎಂದು ಕೊರೆದಿತ್ತು. ವರ್ನಿಯರ್ ಹಿಡಿದೆ. ಇಪ್ಪತ್ತೊಂದೂವರೆ. "ಪಾಸ್" ಎಂದು ಬಾಲ್ಕನಿಯಲ್ಲಿದ್ದ ಹೆಂಡತಿಗೆ ಕೇಳುವಂತೆ ಘೋಷಿಸಿದೆ. ಬರ್ಮುಡಾ ತೊಟ್ಟು ಸುತ್ತ ನಿಂತಿದ್ದ ಇಬ್ಬರು ಪ್ರಾಜೆಕ್ಟ್ ಮ್ಯಾನೇಜರುಗಳು ತಲೆಯಾಡಿಸಿದರು. ಅವರಿಗೆ ಬರುತ್ತಿದ್ದುದು ಅದೊಂದೇ.

ಮಾವ ಎದ್ದು ಬಂದು ಡಿಸ್ಕಿನ ಮೇಲೆ ಬೆರಳಾಡಿಸಿದರು. "ಪ್ಯಾಡ್ ಮುಟ್ಟದ ಅಂಚು ಅಳದೀರಿ. ಅದು ಹೆಂಗ ಸವೀತೈತಿ?"

ನಿಜ, ಅಂಚು ಬದುವಿನಂತೆ ಎದ್ದು ನಿಂತಿತ್ತು. ಅವರು ಸವೆದ ಜಾಗದ ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದರು. ಹತ್ತೊಂಬತ್ತು. ಮಿತಿಗಿಂತ ಒಂದು ಕಡಿಮೆ.

ನಾಚಿಕೆಗಿಂತ ಮೊದಲು ಹೆದರಿಕೆ ಬಂತು. ಮಗಳು ಕೂರುತ್ತಿದ್ದ ಸೀಟಿನ ಕಡೆ ನೋಡಲಾಗಲಿಲ್ಲ. ಮಾವ ಕಾರಿನ ಕೀಲಿ ತಮ್ಮ ಜೇಬಿಗೆ ಹಾಕಿಕೊಂಡರು. ಡಿಸ್ಕು, ಪ್ಯಾಡು ಹೊಸದಾಗುವವರೆಗೆ ತಾಯಿ ಮಗಳು ಆಟೋದಲ್ಲಿ ಹೋದರು.

ರಿಪೇರಿಯಾದ ಮರುದಿನ, ಶಾಲೆಗೆ ಬಿಟ್ಟು ಬಂದ ಹೆಂಡತಿಯನ್ನು, ನಡುಕ ಹೋಯಿತೇ ಎಂದು ಮೆತ್ತಗೆ ಕೇಳಿದೆ.

ಅವಳು ಕೀಲಿಯನ್ನು ನನ್ನ ಮುಂದಿಟ್ಟಳು. "ನೀವ ಓಡಿಸಿ ನೋಡಿ ಹೇಳ್ರಿ. ನೀವು ಹೇಳಿದ ಮ್ಯಾಲೆ ಅಲ್ಲೇನ್ರಿ ನನಗ ತಿಳಿಯೂದು?"