ಅವರೆಕಾಳಿನ ಸಿಪ್ಪೆ

ಬೀಜದ ಹೊರಪೊರೆಗೆ ಬೀಜಕವಚ ಎನ್ನುತ್ತಾರೆ, ಅದು ಒಳಗಿನ ಜೀವವನ್ನು ಕಾಯುತ್ತದೆ ಎಂದು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ಅದು ಬರೀ ಅವರೆಕಾಳಿನ ಸಿಪ್ಪೆ, ಹಿದುಕಿ ಎಸೆಯುವಂಥದ್ದು.

ಲಕ್ವ ಹೊಡೆದು ಅತ್ತೆಯ ಬಲಗೈ ಸೋತ ವರ್ಷ, ಗಂಡ ಅವರಿಗೆ ನೀರಿನ ಲೋಟ ಎತ್ತಲೂ ಬಿಡುತ್ತಿರಲಿಲ್ಲ. ನನಗೆ ರೇಗಿಹೋಗಿತ್ತು. ಅವರೆ ಕಾಲ ಬಂದಾಗ ನೆನೆಸಿದ ಕಾಳಿನ ಬಟ್ಟಲನ್ನು ಅತ್ತೆಯ ಮುಂದಿಟ್ಟೆ.

"ಅವ್ವನ್ನ ಯಾಕಿಂಗೆ ಗೋಳುಯ್ಕೊಂತೀಯ?" ಎಂದು ಗಂಡ ಸಿಡುಕಿದ.

ಅತ್ತೆ ಆ ಸೋತ ಕೈಯಿಂದಲೇ ಒಂದು ಕಾಳು ಹಿಡಿದರು. ಹೆಬ್ಬೆರಳು ನಡುಗಿತು. ಕಾಳು ಜಾರಿತು. ಇನ್ನೊಂದು ಹಿಡಿದು, ಹಲ್ಲುಕಚ್ಚಿ ಒತ್ತಿದರು. ಸಿಪ್ಪೆ ಬೆರಳಲ್ಲೇ ಉಳಿದು, ಬೇಳೆ ಚಂಗನೆ ಗಂಡನ ಎದೆಗೆ ಹಾರಿತು.

"ನಿಂತ್ಕಂಡ್ ಏನ್ ನೋಡೀಯೆ? ಕುಂತ್ಕಳ್ಲಾ, ನೀನೂ ಇದುಕು," ಅಂದರು ಅತ್ತೆ.