ಗೋಡೆಯ ಮೇಲಿನ ರೈಲು

ರೈಲೇ ಬಾರದ ಕೊಪ್ಪದಲ್ಲಿ ರೈಲಿನ ಸಂಶಯವೆದ್ದರೆ ಎಲ್ಲರೂ ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರನ್ನೇ ಕೇಳುತ್ತಿದ್ದರು. ಅವರ ಜಗಲಿಯ ಗೋಡೆಯಲ್ಲಿ ಅವರೇ ಬರೆದ ರೈಲು ನಕ್ಷೆಯಿತ್ತು; ಅದರಲ್ಲಿ ಹಳಿಗಳು ಕಪ್ಪು ಗೆರೆ, ಓಡುವ ರೈಲುಗಳು ಕೆಂಪು ಗೆರೆ. ಯಾರಾದರೂ ಕಪ್ಪಿನ ಮೇಲೆ ಬೆರಳಿಟ್ಟು "ಇಲ್ಲಿಗೆ ರೈಲಿದೆಯಲ್ಲ" ಎಂದರೆ ಸಾಕು, ಕನ್ನಡಕ ಮೇಲೇರಿಸಿ, "ಹಳಿ ಬೇರೆ, ರೈಲು ಬೇರೆ ಮಾರಾಯ" ಎನ್ನುವರು.

ತಮ್ಮ ಮಗಳ ನಿಶ್ಚಿತಾರ್ಥಕ್ಕೆ ಹೊರಟಾಗ ನಮ್ಮನ್ನೆಲ್ಲ ತರೀಕೆರೆ ಸ್ಟೇಷನ್ನಿಗೆ ಕರೆದೊಯ್ದದ್ದೂ ಅವರೇ. ಅವರು ಆರಿಸಿದ ರೈಲು ದೂರದಲ್ಲಿ ಕಂಡಿತು, ಆದರೆ ಅದರ ವೇಗ ತಗ್ಗಲಿಲ್ಲ. ಮೇಷ್ಟ್ರು ಗಾಬರಿಯಿಂದ, ನಮ್ಮೂರ ಬಸ್ಸಿಗೆ ಮಾಡುವಂತೆ, ಕೊಡೆಯೆತ್ತಿ ಆಡಿಸಿದರು. ರೈಲು ಧೂಳೆಬ್ಬಿಸಿ ಹೊರಟೇಹೋಯಿತು.

"ಎಂತದ್ರೀ, ಇದು ಇಲ್ಲಿ ನಿಲ್ಲಲ್ವಾ?" ಎಂದರು ಅವರ ಹೆಂಡತಿ.

ಮೇಷ್ಟ್ರು ನಿಧಾನವಾಗಿ ಕನ್ನಡಕ ಮೇಲೇರಿಸಿದರು.

"ಹಳಿ ಬೇರೆ, ರೈಲು ಬೇರೆ... ನಿಲ್ಲೋದು ಇನ್ನೂ ಬೇರೆ ಮಾರಾಯ್ತಿ."